ಕೋಟಿನ ಗುಂಡಿ ಹಚ್ಚಿದ ಬುಲ್‌ಬುಲ್

ನಮ್ಮ ಮನೆಯ ಡಾಲ್ಡಾ ಡಬ್ಬಿ ತೆರೆದರೆ ಒಳಗೆ ಬರೀ ಗುಂಡಿಗಳು. ಅಪ್ಪ ಟೇಲರ್. ಕಲಬುರಗಿಯ ಕಪಡಾ ಬಜಾರ್ ಹತ್ತಿರ ಅಂಗಡಿ ಇತ್ತು. ಹಳೇ ಅಂಗಿ ನೆಲ ಒರೆಸೋ ಬಟ್ಟೆ ಆಗೋ ಮೊದಲು ಅದರ ಗುಂಡಿ ಕತ್ತರಿಸಿ ಡಬ್ಬಿಗೆ ಹಾಕುತ್ತಿದ್ದರು. ಅವರು ಹೋದ ಮೇಲೆ ಹೊಲಿಗೆ ಮಷಿನ್ ತಮ್ಮನ ಪಾಲಿಗೆ ಹೋಯಿತು, ಡಬ್ಬಿ ನನಗೆ ಬಂತು. ಅದಕ್ಕಾಗಿ ಯಾರೂ ಜಗಳ ಆಡಲಿಲ್ಲ.

ಚಿಪ್ಪಿನ ಗುಂಡಿ ಯಾವುದು, ಪ್ಲಾಸ್ಟಿಕ್ ಯಾವುದು ಅಂತ ಅಪ್ಪ ಕೆನ್ನೆಗೆ ಹಚ್ಚಿಕೊಂಡು ಹೇಳುತ್ತಿದ್ದರು. ಚಿಪ್ಪು ತಣ್ಣಗಿರುತ್ತೆ. ಮೇ ತಿಂಗಳಲ್ಲಿ ಮಾತ್ರ ನಮ್ಮೂರಲ್ಲಿ ಈ ಪರೀಕ್ಷೆ ನಂಬಬೇಡಿ. ಆಗ ಗುಂಡಿಯೂ ಬಿಸಿ, ಕೆನ್ನೆಯೂ ಬಿಸಿ. ಡಬ್ಬಿಯಲ್ಲಿ ಬಿದ್ರಿಯ ಶೇರವಾನಿ ಗುಂಡಿ ಒಂದೇ ಒಂದು ಇದೆ, ಜೋಡಿ ಇಲ್ಲ. ಬಿದ್ರಿ ಅಂದರೆ ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಮೇಲೆ ಬೆಳ್ಳಿ ತಂತಿ ಕೂರಿಸೋದು. ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ ಅನ್ನೋ ಲವಣ ಕಲಸಿ ಹಚ್ಚುತ್ತಾರೆ. ಸತು ಕಪ್ಪಾಗುತ್ತೆ, ಬೆಳ್ಳಿ ಹಾಗೇ ಉಳಿಯುತ್ತೆ. ನನ್ನ ಗುಂಡಿಯಲ್ಲಿ ಹೂವಿನ ಒಂದು ಎಸಳಿನ ಬೆಳ್ಳಿ ಉದುರಿ ಹೋಗಿದೆ. ಬರೀ ಗೆರೆಯ ಕಾಲುವೆ ಕಾಣುತ್ತೆ. ನನಗೆ ಅದನ್ನು ನೋಡೋದೇ ಜಾಸ್ತಿ ಇಷ್ಟ.

ಗ್ರಾಮಫೋನ್ ಪ್ಲೇಟಿನ ಹುಚ್ಚು ಆಮೇಲೆ ಹಿಡಿದದ್ದು. ಶರಣಬಸವೇಶ್ವರ ಜಾತ್ರೆಯಲ್ಲಿ ಹಳೇ ಸಾಮಾನು ಹರವಿಕೊಂಡು ಕೂತವರ ಹತ್ತಿರ ನಾಲ್ಕು ಪ್ಲೇಟು ಸಿಕ್ಕವು. ನಿಮಿಷಕ್ಕೆ 78 ಸುತ್ತು ತಿರುಗೋವು. ಹತ್ತು ಇಂಚಿನದಾದರೆ ಒಂದು ಬದಿಗೆ ಸುಮಾರು 3 ನಿಮಿಷ ಹಾಡು, ಅಷ್ಟೇ. ಅದರಲ್ಲೊಂದಕ್ಕೆ ಬೂಸ್ಟು ಹಿಡಿದಿತ್ತು. ಜಾಣತನ ತೋರಿಸೋಣ ಅಂತ ಹತ್ತಿಗೆ ಸ್ಪಿರಿಟ್ ಹಾಕಿ ಒರೆಸಿದೆ. ಹತ್ತಿ ಕರ್ರಗಾಯಿತು. ನಾನು ಕೊಳೆ ಬಿಡ್ತಾ ಇದೆ ಅಂತ ಖುಷಿಯಾಗಿ ಇನ್ನೂ ತಿಕ್ಕಿದೆ. ಆಮೇಲೆ ನೋಡಿದರೆ ಗೆರೆಗಳೇ ಮಾಯ!

ಪಕ್ಕದ ಮನೆಯ ಬಡಿಗೇರ ಕಾಕಾ ನೋಡಿ ನಕ್ಕರು. “ಅರಗಿನ ಪ್ಲೇಟಿಗೆ ಸ್ಪಿರಿಟ್ ಹಚ್ತಾರೇನೋ ಹುಚ್ಚಪ್ಪ? ನಾವು ಚಪಡಾ ಕರಗಸೋದೇ ಅದ್ರಾಗ.”

ನಿಜ. ಬಾಗಿಲಿಗೆ ಪಾಲಿಶ್ ಹೊಡೆಯೋ ಚಪಡಾ, ಹಳೇ ಪ್ಲೇಟು, ಎರಡಕ್ಕೂ ಮೂಲ ಒಂದೇ ಅರಗು. ಮರದ ಮೇಲಿನ ಹುಳ ಕೊಡೋದು. ಆಮೇಲೆ ಬಂದ ಎಲ್‌ಪಿ ವಿನೈಲಿನದು, ಅದರ ಕಥೆ ಬೇರೆ. ಈಗ ಅರಗಿನ ಪ್ಲೇಟುಗಳನ್ನು ಮೆತ್ತನೆ ಬಟ್ಟೆಯಲ್ಲಿ ಸುಮ್ನೆ ಧೂಳು ಒರೆಸಿ ಇಡುತ್ತೇನೆ. ಗಂಗೂಬಾಯಿ ಹಾನಗಲ್ ಅವರ ಶುರುವಿನ ಪ್ಲೇಟುಗಳು 1930ರ ದಶಕದಲ್ಲಿ ‘ಗಾಂಧಾರಿ’ ಅನ್ನೋ ಹೆಸರಲ್ಲಿ ಬಂದಿದ್ದವು. ಅಂಥದ್ದೊಂದು ಕೈಗೆ ಸಿಕ್ಕರೆ ಧೂಳು ಒರೆಸೋಕೂ ಹೆದರುತ್ತೇನೆ.

ಬುಲ್‌ಬುಲ್ ತರಂಗ ಅನ್ನೋ ತಂತಿವಾದ್ಯ ಸಿಕ್ಕಿದ್ದು ಭಂಗಾರದ ಅಂಗಡಿಯಲ್ಲಿ. (ನಮ್ಮ ಕಡೆ ಗುಜರಿಗೆ ಭಂಗಾರ ಅಂತೀವಿ, ಬಂಗಾರ ಅಂತ ಓದಿ ಓಡಿ ಬರಬೇಡಿ.) ಬಲಗೈಯಲ್ಲಿ ತಂತಿ ಮೀಟಬೇಕು, ಎಡಗೈಯಲ್ಲಿ ಟೈಪ್‌ರೈಟರ್ ಥರದ ಗುಂಡಿ ಒತ್ತಬೇಕು. ಇದರ ಮೂಲ ಜಪಾನಿನ ತೈಶೋಗೋತೊ, 1912ರಲ್ಲಿ ಹುಟ್ಟಿದ್ದು. ನನಗೆ ಸಿಕ್ಕಿದ್ದರಲ್ಲಿ ತಂತಿ ಎರಡೇ ಉಳಿದಿದ್ದವು. ಪೆಟ್ಟಿಗೆಯ ಹಸಿರು ಬಣ್ಣ ಅಲ್ಲಲ್ಲಿ ಎದ್ದಿತ್ತು.

“ಇದ್ರಾಗ ಒಂದು ಗುಂಡಿ ಬ್ಯಾರೆನೇ ಅದ ನೋಡ್ರಿ ಸರ,” ಅಂದ ಅಂಗಡಿಯವ, ರೇಟು ಇಳಿಸೋಕೆ ತಾನೇ ನೆಪ ಕೊಟ್ಟ ಹಾಗೆ.

ನೋಡಿದೆ. ಬಿಳಿ ಗುಂಡಿಗಳ ಸಾಲಿನ ನಡುವೆ ಕಂದು ಬಣ್ಣದ ಕೋಟಿನ ಗುಂಡಿ! ನಾಲ್ಕು ತೂತಿನದು. ಮೂಲದ್ದು ಮುರಿದಾಗ ಯಾರೋ ಇದನ್ನು ಅಂಟಿಸಿದ್ದಾರೆ. ಅಂಟಿಸಿದ್ದು ಅರಗಿನಲ್ಲೇ. ಅಂಚಿನಲ್ಲಿ ಕೆಂಪಗೆ ಉಕ್ಕಿ ಗಟ್ಟಿಯಾಗಿದೆ, ಅದರ ಮೇಲೆ ಒತ್ತಿದ ಹೆಬ್ಬೆರಳಿನ ಗೆರೆಗಳೂ ಇವೆ. ತೂತುಗಳಲ್ಲಿ ಎರಡು ಎಳೆ ಕರಿ ದಾರ ಹಾಗೇ ಇತ್ತು. ಯಾವ ಕೋಟಿಂದ ಕಿತ್ತರೋ, ಆ ಕೋಟಿನವರು ಏನಂದರೋ. ಅವನು ಹೇಳಿದ ರೇಟಿಗೇ ತಗೊಂಡೆ. ಹೆಂಡತಿಗೆ ಅರ್ಧ ಹೇಳಿದ್ದೇನೆ.

ರಿಪೇರಿಗೆ ಕೊಟ್ಟಾಗ ಅಲ್ಲಿಯ ಹುಡುಗ, “ಈ ಬಟನ್ ತೆಗೆದು ಹೊಸದು ಹಾಕ್ಲೇನ್ರೀ?” ಅಂದ. ಬೇಡ ಅಂದೆ. ಅದನ್ನು ಒತ್ತಿದರೆ ಸ್ವರ ಒಂಚೂರು ತಡವಾಗಿ ಏಳುತ್ತೆ. ಮಗಳು ಜನಗಣಮನ ನುಡಿಸೋವಾಗ ಅಲ್ಲಿಗೆ ಬಂದಾಗೆಲ್ಲ ತಾನೇ ಕಾಯುತ್ತಾಳೆ.