ಲಾರಿಗೆ ಎಷ್ಟು ಕುದುರೆ? ನಾಲ್ಕನೇ ವಾರದ ಲೆಕ್ಕ

ಹೋದ ವಾರ ನನ್ನ ಲಾರಿ ಇಂಜಿನ್ನಿಗೆ 79 ಎಚ್‌ಪಿ (ಕುದುರೆ ಶಕ್ತಿ) ಇದೆ ಅಂತ ಬೀಗಿದ್ದೆ. ಅದನ್ನ ವಾಪಸ್ ತಗೊಳ್ತಿದ್ದೀನಿ.

ಗಾಡಿ ಅದೇ: ಹಳೇ ಬೆಡ್‌ಫರ್ಡ್, 3.5 ಲೀಟರಿನ ಆರು ಸಿಲಿಂಡರ್ ಪೆಟ್ರೋಲ್ ಇಂಜಿನ್, ಈಗ ಓಡೋದು ಆಟೋ ಎಲ್‌ಪಿಜಿಯಲ್ಲಿ. ಗ್ಯಾಸಿನ ಆಕ್ಟೇನ್ (ಒತ್ತಡಕ್ಕೆ ತಾನಾಗೇ ಹೊತ್ತಿಕೊಳ್ಳದೆ ತಡೆಯೋ ಗುಣ) 100 ದಾಟೋದರಿಂದ ಹೆಡ್ ಫೇಸಿಂಗ್ ಮಾಡಿಸಿ, ಅಂದ್ರೆ ಸಿಲಿಂಡರ್ ಹೆಡ್ಡಿನ ತಳ ತುಸು ಹೆರೆಸಿ, ಕಂಪ್ರೆಷನ್ ಏರಿಸಿದ್ದೆ. ಶಕ್ತಿ ಅಳೆಯೋ ಯಂತ್ರ ಡೈನೋ ಇಲ್ಲ, ರಸ್ತೆನೇ ಡೈನೋ. ವೇ ಬ್ರಿಡ್ಜಲ್ಲಿ ನನ್ನನ್ನೂ ಸೇರಿಸಿ 4,000 ಕೆಜಿ. ಇಷ್ಟು ತೂಕ 40ರಿಂದ 60 ಕಿಮೀ ವೇಗಕ್ಕೆ ಏರಬೇಕಂದ್ರೆ 309 ಕಿಲೋಜೂಲ್ ಬೇಕು. ಅದನ್ನ ಸೆಕೆಂಡಿಂದ ಭಾಗಿಸಿದ್ರೆ ಕಿಲೋವ್ಯಾಟ್. ಆಮೇಲೆ ನ್ಯೂಟ್ರಲ್ ಹಾಕಿ 60ರಿಂದ 40ಕ್ಕೆ ಇಳಿಯೋ ಹೊತ್ತು ನೋಡಿದ್ರೆ ಗಾಳಿ, ಟೈರು ತಿನ್ನೋದೆಷ್ಟು ಅಂತ ಸಿಗುತ್ತೆ. ಎರಡೂ ಕೂಡಿಸೋದು, ಅಷ್ಟೇ.

ಹೋದ ವಾರ ಹೊಳಲ್ಕೆರೆ ಕಡೆ ಹೋಗ್ತಾ ಮೂರನೇ ಗೇರಲ್ಲಿ 7.8 ಸೆಕೆಂಡ್, ಅಂದ್ರೆ 39.6 ಕಿಲೋವ್ಯಾಟ್. ಚಿತ್ರದುರ್ಗಕ್ಕೆ ಬರ್ತಾ ನ್ಯೂಟ್ರಲ್‌ನಲ್ಲಿ 17 ಸೆಕೆಂಡ್, ಅಂದ್ರೆ 18.2. ಒಟ್ಟು 58 ಕಿಲೋವ್ಯಾಟ್, ಅದೇ ಆ 79 ಎಚ್‌ಪಿ! ಗ್ಯಾರೇಜ್ ಮೇಸ್ತ್ರಿಗೆ ಮಿರ್ಚಿ ಮಂಡಕ್ಕಿ ಕೊಡಿಸಿದ್ದೂ ಆಯ್ತು.

ರಾತ್ರಿ ಇಂಜಿನ್ ಒಳಗೆ ಎಳೆಯೋ ಗಾಳಿ ಲೆಕ್ಕ ಹಾಕಿದಾಗ ಅನುಮಾನ ಶುರುವಾಯ್ತು. ಸುಮಾರು 2,400 ಆರ್‌ಪಿಎಂ, ಊರು 700 ಮೀಟರಿಗಿಂತ ಎತ್ತರ, ಗಾಳಿ ತೆಳು. ಅದರಲ್ಲೂ ಎಲ್‌ಪಿಜಿಯಲ್ಲಿರೋ ಪ್ರೊಪೇನ್ ಆವಿ ಶೇ 4ರಷ್ಟು ಜಾಗ ನುಂಗುತ್ತೆ. ಈ ಗಾಳಿಗೆ ಉರಿಯೋ ಗ್ಯಾಸಿಂದ 58 ಬರಬೇಕಂದ್ರೆ ದಕ್ಷತೆ ಶೇ 36 ಇರಬೇಕು. ಅದು ಡೀಸೆಲ್ ಇಂಜಿನ್ ಮಾತು. ಶೇ 28 ಹಿಡಿದ್ರೆ 45 ಕಿಲೋವ್ಯಾಟ್ ಆಸುಪಾಸು.

ಕಳ್ಳ ಸಿಕ್ಕಿದ್ದು ರಸ್ತೇಲಿ. ಕಣ್ಣಿಗೆ ಸಪಾಟ, ಆದ್ರೆ ನೀರಿನ ಪೈಪ್ ಹಿಡಿದು ಮಟ್ಟ ನೋಡಿದ್ರೆ 100 ಮೀಟರಿಗೆ 1 ಮೀಟರ್ ಇಳಿಜಾರು. ಅಷ್ಟಕ್ಕೇ ಐದೂವರೆ ಕಿಲೋವ್ಯಾಟ್ ಬಿಟ್ಟಿ. ನಾನು ಇಳಿಜಾರಲ್ಲಿ ಓಡಿಸಿ, ಏರಲ್ಲಿ ನ್ಯೂಟ್ರಲ್ ಹಾಕಿದ್ದೆ, ತಪ್ಪು ಡಬಲ್!

ಈ ಭಾನುವಾರ ಬೆಳಿಗ್ಗೆ ಆರಕ್ಕೇ ಹೋದೆ. ಜೋಗಿಮಟ್ಟಿ ಬೆಟ್ಟದ ಮೇಲೆ ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ, ಬಿಸಿಲೇರಿದ್ರೆ ಇಲ್ಲಿ ಗಾಳಿ ಮಾತು ಕೇಳಲ್ಲ. ಒಂದೇ ದಿಕ್ಕಲ್ಲಿ ಎರಡೂ ಅಳೆದೆ. ಇಳಿಜಾರಲ್ಲಿ 7.8 ಮತ್ತು 42 ಸೆಕೆಂಡ್: 47 ಕಿಲೋವ್ಯಾಟ್. ಏರಲ್ಲಿ 10.7 ಮತ್ತು 17: ಮತ್ತೆ 47. ಅಂದ್ರೆ 64 ಎಚ್‌ಪಿ, ಅದೂ ಚಕ್ರದಲ್ಲಿ.

ಮೇಸ್ತ್ರಿಗೆ ಹೇಳಿದೆ. "ಹದಿನೈದು ಕುದ್ರೆ ಎಲ್ಲಿ ಮೇಯಕ್ಕೆ ಹೋದ್ವು ಸಾರ್?" ಅಂದ. ಮುಂದಿನ ವಾರ ಟೈಮಿಂಗ್ (ಕಿಡಿ ಹಾರೋ ಹೊತ್ತು) ಎರಡು ಡಿಗ್ರಿ ಅಡ್ವಾನ್ಸ್ ಮಾಡಿ ನೋಡ್ತೀವಿ.