ಯಾರಿಗೂ ಹೇಳುವುದಿಲ್ಲವೆಂದು ನಾನು ಮಾತು ಕೊಡಲಾರೆ

"ನಾನೊಂದು ಹೇಳ್ತೀನಿ, ಆದ್ರೆ ನೀವು ಯಾರ್ಗೂ ಹೇಳಲ್ಲ ಅಂತ ಆಣೆ ಮಾಡಿ ಅಕ್ಕ."

ಮಕ್ಕಳ ಆಪ್ತ ಸಮಾಲೋಚಕಿಯಾಗಿ ಕೆಲಸಕ್ಕೆ ಸೇರಿದಂದಿನಿಂದ ಈ ಮಾತನ್ನು ಎಷ್ಟು ಮಕ್ಕಳ ಬಾಯಿಂದ ಕೇಳಿದ್ದೇನೆಂದು ಲೆಕ್ಕವಿಟ್ಟಿಲ್ಲ. ಕೆಲವರು ಅಂಗೈ ಚಾಚಿ ಅದರ ಮೇಲೆ ನನ್ನ ಕೈ ಇಡಿಸಿಕೊಳ್ಳುತ್ತಾರೆ, ಕೆಲವರು ದೇವರ ಹೆಸರು ಹೇಳಿಸುತ್ತಾರೆ, ಇನ್ನು ಕೆಲವರು ಏನನ್ನೂ ಕೇಳದೆ ಕಣ್ಣಿನಲ್ಲೇ ಆ ಪ್ರಶ್ನೆಯನ್ನಿಟ್ಟುಕೊಂಡು ಕೂತಿರುತ್ತಾರೆ. ಕೆಲಸದ ಮೊದಲ ವರ್ಷದಲ್ಲಿ ಒಬ್ಬ ಹುಡುಗಿಗೆ ನಾನು ಹಾಗೆ ಮಾತು ಕೊಟ್ಟುಬಿಟ್ಟಿದ್ದೆ. ಅವಳು ಆ ಕ್ಷಣದಲ್ಲಿ ಬಾಯಿ ಬಿಟ್ಟರೆ ಸಾಕು ಎಂಬ ಆತುರ ನನ್ನದಾಗಿತ್ತು. ಅವಳು ಹೇಳಿದಳು. ಸಂಜೆಯೊಳಗೆ ಆ ವಿಷಯವನ್ನು ನಾನು ಪೊಲೀಸರಿಗೆ ತಿಳಿಸಲೇಬೇಕಾಯಿತು, ಮರುದಿನ ಮಕ್ಕಳ ಕಲ್ಯಾಣ ಸಮಿತಿಯ ಕಚೇರಿಯ ಬೆಂಚಿನ ಮೇಲೆ ಕೂತಿದ್ದ ಅವಳು ನನ್ನನ್ನು ನೋಡಿ ಮುಖ ತಿರುಗಿಸಿಕೊಂಡಳು. ಆಮೇಲೆ ಬೇರೆ ಸಮಾಲೋಚಕಿಯೊಬ್ಬರು ಅವಳನ್ನು ನೋಡಿಕೊಂಡರು, ನನ್ನೊಡನೆ ಅವಳು ಮತ್ತೆ ಮಾತಾಡಲಿಲ್ಲ.

ಇಲ್ಲಿ ಬರುವ ಮಕ್ಕಳ ಹೆಸರಾಗಲಿ ಊರಾಗಲಿ ಹೇಳುವುದಿಲ್ಲ, ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಕಾನೂನು ಹಾಗೆ ಹೇಳುತ್ತದೆ, ಕಾನೂನು ಹೇಳದಿದ್ದರೂ ಹಾಗೆಯೇ ಬರೆಯುತ್ತಿದ್ದೆ.

ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣಾ ಕಾಯ್ದೆ, ಅಂದರೆ ನಾವೆಲ್ಲ ಪೋಕ್ಸೊ ಎಂದು ಕರೆಯುವ 2012ರ ಕಾಯ್ದೆ, ಆ ವರ್ಷದ ನವೆಂಬರ್ 14ರಂದು ಜಾರಿಗೆ ಬಂದಿತು. ಅದರ 19ನೆಯ ಸೆಕ್ಷನ್ ಪ್ರಕಾರ ಮಗುವಿನ ಮೇಲೆ ಇಂಥ ಅಪರಾಧ ನಡೆದಿದೆಯೆಂದು ತಿಳಿದ ಯಾರೇ ಆಗಲಿ, ತಾಯಿಯಿರಲಿ, ಮೇಷ್ಟರಿರಲಿ, ವೈದ್ಯರಿರಲಿ, ನನ್ನಂಥ ಸಮಾಲೋಚಕಿಯಿರಲಿ, ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೆಯ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಸೆರೆವಾಸವಾಗಬಹುದು, ಸಂಸ್ಥೆಯ ಮುಖ್ಯಸ್ಥರಾದರೆ ಒಂದು ವರ್ಷದವರೆಗೆ. ಮಗುವಿಗೆ ಮಾತ್ರ ಈ ಶಿಕ್ಷೆಯಿಲ್ಲ. ದೊಡ್ಡವರು ಬಾಯಿ ಮುಚ್ಚಿಕೊಂಡಿದ್ದರಿಂದಲೇ ವರ್ಷಗಟ್ಟಲೆ ನಡೆದುಹೋದ ಹಿಂಸೆಗಳನ್ನು ಹತ್ತಿರದಿಂದ ಕಂಡವಳಾದ್ದರಿಂದ ಈ ಕಡ್ಡಾಯ ಬೇಕೆಂದೇ ನನಗೆ ಅನ್ನಿಸುತ್ತದೆ. ಆದರೆ ಸಮಾಲೋಚನೆ ಎಂಬುದು ನಿಂತಿರುವುದೇ ಗೋಪ್ಯತೆಯ ಮೇಲೆ. ಎರಡರ ನಡುವೆ ಕೂತು ಮಗುವಿನ ಮುಖ ನೋಡುವುದು ಎಷ್ಟು ಕಷ್ಟವೆಂಬುದು ಕಾಯ್ದೆಯ ಪುಸ್ತಕದಲ್ಲಿ ಬರೆದಿಲ್ಲ.

ಆ ಹುಡುಗಿಯ ನಂತರ ನಾನು ಆಣೆಯ ಮಾತಿಗೆ ಬೇರೆ ಉತ್ತರ ಕೊಡಲು ಕಲಿತೆ. "ಯಾರಿಗೂ ಹೇಳಲ್ಲ ಅಂತ ನಾನು ಮಾತು ಕೊಡಕ್ಕಾಗಲ್ಲ ಪುಟ್ಟಿ. ನಿನಗೆ ಯಾರಾದ್ರೂ ನೋವು ಮಾಡ್ತಿದ್ರೆ ಅದನ್ನ ನಿಲ್ಲಿಸೋರಿಗೆ ನಾನು ಹೇಳಲೇಬೇಕು. ಆದ್ರೆ ಯಾರಿಗೆ ಹೇಳ್ತೀನಿ, ಯಾವತ್ತು ಹೇಳ್ತೀನಿ, ಏನು ಹೇಳ್ತೀನಿ ಅನ್ನೋದನ್ನ ಮೊದಲು ನಿನಗೇ ಹೇಳ್ತೀನಿ." ಹೀಗೆಂದ ಮೇಲೆ ಕೆಲವು ಮಕ್ಕಳು ಸುಮ್ಮನಾಗುತ್ತಾರೆ, ಆ ದಿನ ಏನನ್ನೂ ಹೇಳದೆ ಹೊರಟುಹೋಗುತ್ತಾರೆ. ಹೋದವರು ಎಲ್ಲರೂ ತಿರುಗಿ ಬರುವುದಿಲ್ಲ ಎಂಬುದೂ ನಿಜವೇ, ಮತ್ತು ಆ ಚಿಂತೆ ರಾತ್ರಿ ನಿದ್ದೆಯನ್ನು ಕೆಡಿಸುತ್ತದೆ. ಆದರೂ ಸುಳ್ಳು ಹೇಳುವುದಿಲ್ಲ. "ಇದು ನಮ್ಮಿಬ್ಬರ ಗುಟ್ಟು" ಎಂಬ ಮಾತನ್ನು ಆ ಮಗುವಿಗೆ ಮೊದಲು ಹೇಳಿದವನು ಅದನ್ನು ನೋಯಿಸಿದವನೇ. ಗುಟ್ಟು ಎಂಬುದೇ ಅವನ ಆಯುಧವಾಗಿತ್ತು. ಅದೇ ಮಾತನ್ನು ಒಳ್ಳೆಯ ಉದ್ದೇಶದಿಂದಲೇ ಆದರೂ ನಾನು ಹೇಳಿ, ಆಮೇಲೆ ಮುರಿದರೆ, ದೊಡ್ಡವರೆಂದರೆ ಹೀಗೆಯೇ ಎಂದು ಮಗು ತಿಳಿಯುತ್ತದೆ.

ಮಕ್ಕಳು ಕೂತ ಕೂಡಲೇ ಕಥೆ ಹೇಳುತ್ತಾರೆಂದು ಹೊರಗಿನವರು ಭಾವಿಸುತ್ತಾರೆ. ನನ್ನ ಕೋಣೆಯಲ್ಲಿ ಒಂದು ಅಳಗುಳಿಮಣೆ ಇದೆ, ಒಂದು ಡಬ್ಬಿಯ ತುಂಬ ಹುಣಸೆಬೀಜ, ಬಣ್ಣದ ಪೆನ್ಸಿಲ್ಲು, ಜೇಡಿಮಣ್ಣು, ಬಟ್ಟೆಯ ಗೊಂಬೆಗಳು. ಎಂಟು ವರ್ಷದ ಹುಡುಗಿಯೊಬ್ಬಳು ಮೊದಲ ನಾಲ್ಕು ಭೇಟಿಗಳಲ್ಲಿ ಬಾಗಿಲ ಪಕ್ಕದ ಕುರ್ಚಿಯನ್ನೇ ಹಿಡಿದು ಕೂತು ಅಳಗುಳಿಮಣೆಯನ್ನಷ್ಟೇ ಆಡಿದಳು. ಪ್ರತಿ ಆಟದಲ್ಲೂ ನಿಯಮವನ್ನು ತನಗೆ ಬೇಕಾದಂತೆ ಬದಲಿಸುತ್ತಿದ್ದಳು, ಒಮ್ಮೆ ನನ್ನ ಗುಳಿಗಳ ಬೀಜವೆಲ್ಲ ಅವಳದೇ, ಇನ್ನೊಮ್ಮೆ ನನಗೆ ಆಡುವ ಸರದಿಯೇ ಇಲ್ಲ. ನಾನು ತಕರಾರು ಮಾಡಲಿಲ್ಲ. ತನ್ನ ದೇಹದ ಮೇಲೆಯೇ ತನಗೆ ಹಿಡಿತವಿಲ್ಲದಂತೆ ಮಾಡಿದ್ದ ಮನೆಯಿಂದ ಬಂದ ಮಗುವಿಗೆ, ಹದಿನಾಲ್ಕು ಗುಳಿಗಳ ಮರದ ಮಣೆಯ ಮೇಲಾದರೂ ತಾನು ಹೇಳಿದ್ದೇ ನಡೆಯುತ್ತದೆ ಎಂಬುದು ಸಣ್ಣ ವಿಷಯವಲ್ಲ. ಐದನೆಯ ಭೇಟಿಯಲ್ಲಿ ಅವಳು ಒಂದು ಗುಳಿಯೊಳಗೆ ಒಂದೇ ಬೀಜವನ್ನಿಟ್ಟು ಅದರ ಮೇಲೆ ಅಂಗೈ ಮುಚ್ಚಿ, "ಇದು ಒಳಗೇ ಇರತ್ತೆ, ಇದಕ್ಕೆ ಹೊರಗೆ ಬರಕ್ಕೆ ಭಯ" ಎಂದಳು. ನಾನು "ಭಯ ಇರೋವರೆಗೂ ಒಳಗೇ ಇರಲಿ" ಎಂದೆ. ಅಂದು ಅಷ್ಟೇ. ಅವಳು ಹೇಳಬೇಕಾದ್ದನ್ನು ಹೇಳಿದ್ದು ಅದಾದ ಮೂರು ವಾರಗಳಿಗೆ, ಬೀಜ ಎಣಿಸುತ್ತಾ, ತಲೆಯೆತ್ತದೆ, ಮೂರು ವಾಕ್ಯಗಳಲ್ಲಿ.

ನಮ್ಮವರು ಮಕ್ಕಳಿಗೆ ಅಪರಿಚಿತರ ಭಯವನ್ನು ಕಲಿಸುತ್ತಾರೆ, ಚಾಕಲೇಟು ಕೊಟ್ಟರೆ ತಗೋಬೇಡ, ಕರೆದರೆ ಹೋಗಬೇಡ ಎಂದು. ಆದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಗಳನ್ನು ತೆಗೆದು ನೋಡಿದರೆ, ಪೋಕ್ಸೊ ಅಡಿಯ ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚಿನವುಗಳಲ್ಲಿ ಆರೋಪಿ ಮಗುವಿಗೆ ಗೊತ್ತಿರುವವನೇ. ಮಾವ, ಅಣ್ಣ, ಅಂಕಲ್, ಕೆಲವೊಮ್ಮೆ ತಂದೆ. ಆ ಎಂಟು ವರ್ಷದವಳ ಅಜ್ಜಿ ನನ್ನೆದುರು ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಬೇಲಿನೇ ಎದ್ದು ಹೊಲ ಮೇಯ್ತಲ್ಲ ತಾಯಿ" ಎಂದು ಅತ್ತರು. ಅದೇ ಮನೆಯ ಹಿರಿಯರೊಬ್ಬರು ಮರುವಾರ ಬಂದು, ಮನೆಯ ಮಾತು ಮನೆಯಲ್ಲೇ ಮುಗಿಯಲಿ, ನಾಳೆ ಹುಡುಗಿಯ ಮದುವೆ ಆಗಬೇಡವೇ ಎಂದು ವಾದಿಸಿದರು. ಎಂಟು ವರ್ಷದವಳ ಮದುವೆ! ನನಗೆ ಸಿಟ್ಟು ಬಂದಿತ್ತು, ಈಗಲೂ ಬರುತ್ತದೆ.

ತಾಯಂದಿರು ಮಾತ್ರ ಬೇರೊಂದು ಪ್ರಶ್ನೆ ಕೇಳುತ್ತಾರೆ, "ಇವಳು ಯಾಕೆ ಕಿರುಚಲಿಲ್ಲ, ಯಾಕೆ ಓಡಲಿಲ್ಲ?" ಆ ಪ್ರಶ್ನೆಯಲ್ಲಿ ಆರೋಪವಿಲ್ಲ, ಸಂಕಟವಿದೆ, ಆದರೆ ಮಗುವಿನ ಕಿವಿಗೆ ಅದು ಆರೋಪವಾಗಿಯೇ ಬೀಳುತ್ತದೆ. ನಾನು ಅವರಿಗೆ ಅಂಗಳದ ಕೋಳಿಮರಿಯನ್ನು ನೆನಪಿಸುತ್ತೇನೆ. ಮೇಲೆ ಹದ್ದು ಸುಳಿದಾಗ ಮರಿ ಓಡುವುದಕ್ಕಿಂತ ಹೆಚ್ಚಾಗಿ ನಿಂತಲ್ಲೇ ನೆಲಕ್ಕಂಟಿಕೊಳ್ಳುತ್ತದೆ, ಅದು ಮರಿಯ ತಪ್ಪಲ್ಲ, ಜೀವ ಉಳಿಸಿಕೊಳ್ಳಲು ಮೈ ತಾನಾಗಿ ಮಾಡುವ ಕೆಲಸ. ಮನುಷ್ಯನ ಮೈಯೂ ಹಾಗೆಯೇ, ಹೋರಾಡಲೂ ಓಡಲೂ ಆಗದ ಭಯದಲ್ಲಿ ಮರಗಟ್ಟುತ್ತದೆ, ಧ್ವನಿ ಹೊರಡುವುದಿಲ್ಲ. ಇದನ್ನು ಕೇಳಿದ ತಾಯಿಯೊಬ್ಬರು ಅಲ್ಲೇ ಎದ್ದು ಹೊರಗೆ ಹೋಗಿ, ಕಾರಿಡಾರಿನಲ್ಲಿ ಕೂತಿದ್ದ ಮಗಳ ತಲೆಯನ್ನು ಎದೆಗೊತ್ತಿಕೊಂಡದ್ದನ್ನು ನೋಡಿದ್ದೇನೆ. ಅಂಥ ಒಂದು ಗಳಿಗೆ ಮಾಡುವಷ್ಟು ಕೆಲಸವನ್ನು ನನ್ನ ಹತ್ತು ಭೇಟಿಗಳು ಮಾಡಲಾರವು.

ಗಂಡುಮಕ್ಕಳ ವಿಷಯಕ್ಕೆ ಬಂದರೆ ಕೇಳುವವರೇ ಕಡಿಮೆ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನವು 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿತ್ತು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಯಾವುದಾದರೂ ರೂಪದ ಲೈಂಗಿಕ ದೌರ್ಜನ್ಯವನ್ನು ಅನುಭವಿಸಿರುವುದಾಗಿ ಹೇಳಿದ್ದರು. ಹಾಗೆ ಹೇಳಿದವರಲ್ಲಿ ಹುಡುಗರ ಪಾಲೇ ಅರ್ಧಕ್ಕೆ ಮೀರಿತ್ತು. ಪೋಕ್ಸೊ ಕಾಯ್ದೆಯೂ ಹುಡುಗ ಹುಡುಗಿಯೆಂಬ ಭೇದ ಮಾಡುವುದಿಲ್ಲ. ಆದರೂ "ಗಂಡು ಹುಡುಗ, ಮರೆತುಬಿಡ್ತಾನೆ ಬಿಡಿ" ಎನ್ನುವ ತಂದೆಯಂದಿರು ಬರುತ್ತಲೇ ಇದ್ದಾರೆ, ಹನ್ನೊಂದು ವರ್ಷಕ್ಕೆ ಮತ್ತೆ ಹಾಸಿಗೆಯಲ್ಲಿ ಉಚ್ಚೆ ಹೊಯ್ದುಕೊಳ್ಳಲು ಶುರುಮಾಡಿದ ಮಗನನ್ನು ಪಕ್ಕದಲ್ಲೇ ಕೂರಿಸಿಕೊಂಡು.

ದೂರು ದಾಖಲಾದ ಮೇಲೆ ನನ್ನ ಕೆಲಸ ಹೆಚ್ಚಾಗುತ್ತದೆ. ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ, ಸಾಧ್ಯವಾದಷ್ಟು ಮಟ್ಟಿಗೆ ಮಹಿಳಾ ಅಧಿಕಾರಿಯೇ, ಸಮವಸ್ತ್ರವಿಲ್ಲದೆ ಬಂದು ಪಡೆಯಬೇಕೆಂದು ಕಾಯ್ದೆ ಹೇಳುತ್ತದೆ. ಒಮ್ಮೆ ಹೀಗೆ ಚೂಡಿದಾರ ತೊಟ್ಟು ಬಂದ ಸಬ್ ಇನ್‌ಸ್ಪೆಕ್ಟರ್ ಒಬ್ಬರು ಬಹಳ ಮೃದುವಾಗಿ ಮಾತಾಡಿಸಿದರೂ ಮಗು ತುಟಿ ಬಿಚ್ಚಲಿಲ್ಲ. ಆಮೇಲೆ ನನ್ನ ಕಿವಿಯಲ್ಲಿ, "ಅವ್ರ ಶೂ ನೋಡಿ, ಪೊಲೀಸ್ ಶೂ" ಎಂದಿತು. ಅಧಿಕಾರಿಗೆ ಹೇಳಿದಾಗ ಅವರು ತಮ್ಮ ಕಂದು ಬೂಟುಗಳನ್ನು ಹೊಸಿಲಾಚೆ ಬಿಟ್ಟು ಬರಿಗಾಲಲ್ಲಿ ಬಂದು ಚಾಪೆಯ ಮೇಲೆ ಕೂತರು. ಆ ಮೇಲೆ ಮಾತು ಹೊರಟಿತು.

ಪೊಲೀಸರಿಗೆ ಒಮ್ಮೆ, ಮ್ಯಾಜಿಸ್ಟ್ರೇಟರಿಗೆ ಒಮ್ಮೆ, ವೈದ್ಯರಿಗೆ ಒಮ್ಮೆ, ಕೊನೆಗೆ ವಿಶೇಷ ನ್ಯಾಯಾಲಯದಲ್ಲಿ, ಒಂದೇ ನೋವನ್ನು ಮಗು ಎಷ್ಟು ಸಲ ಬಗೆದು ತೋರಿಸಬೇಕು? ಎಲ್ಲರೂ ತಾರೀಖು ಕೇಳುತ್ತಾರೆ. ಮಗುವಿಗೆ ತಾರೀಖು ನೆನಪಿರುವುದಿಲ್ಲ, ಆ ಕೋಣೆಯ ಒದ್ದೆ ಗೋಣಿಚೀಲದ ವಾಸನೆ, ಆ ಹೊತ್ತಿನಲ್ಲಿ ಪಕ್ಕದ ಮನೆಯಲ್ಲಿ ತಿರುಗುತ್ತಿದ್ದ ಗ್ರೈಂಡರಿನ ಸದ್ದು ನೆನಪಿರುತ್ತದೆ. ಆಘಾತದ ನೆನಪು ಇರುವುದೇ ಹಾಗೆ, ಸಾಲಾಗಿ ಅಲ್ಲ, ಚೂರುಚೂರಾಗಿ. ನಾವು ಗಣೇಶನ ಹಬ್ಬ ಆಗಿತ್ತೇ, ಊರ ಜಾತ್ರೆ ಬಂದಿತ್ತೇ, ಪರೀಕ್ಷೆ ಮುಗಿದಿತ್ತೇ ಎಂದು ಕೇಳಿ ಕಾಲವನ್ನು ಹುಡುಕುತ್ತೇವೆ. ಉತ್ತರವನ್ನು ನಾವೇ ಬಾಯಿಗಿಡಬಾರದು, ಹಾಗೆ ಇಟ್ಟರೆ ಪ್ರಕರಣಕ್ಕೂ ಮಗುವಿಗೂ ದ್ರೋಹ ಮಾಡಿದಂತೆ.

ಸಂಜೆ ಆರರ ನಂತರ ಹುಣಸೆಬೀಜಗಳನ್ನು ತೊಳೆದು ಕಿಟಕಿಯ ಕಟ್ಟೆಯ ಮೇಲೆ ಬಟ್ಟೆ ಹಾಸಿ ಹರವುವುದು ನನ್ನ ರೂಢಿ. ಆ ಕೆಲಸ ಮುಗಿಯುವ ತನಕ ಮನೆಗೆ ಹೊರಡುವುದಿಲ್ಲ, ಕೇಳಿದ್ದನ್ನೆಲ್ಲ ಹೊತ್ತುಕೊಂಡು ನನ್ನ ಮಕ್ಕಳ ಮುಂದೆ ಹೋಗಿ ನಿಲ್ಲಲು ನನಗಾಗದು. ಹದಿನೈದು ದಿನಕ್ಕೊಮ್ಮೆ ಹಿರಿಯ ಸಮಾಲೋಚಕರೊಬ್ಬರ ಬಳಿ ನಾನೂ ಮಾತಾಡಿ ಅತ್ತು ಬರುತ್ತೇನೆ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಹೇಳುವ ಮೊದಲ ಮಾತೇ ಅದು, ನಿಮ್ಮನ್ನು ಕೇಳಿಸಿಕೊಳ್ಳುವವರೊಬ್ಬರನ್ನು ಮೊದಲು ಹುಡುಕಿಕೊಳ್ಳಿ ಎಂದು.

ಆ ಎಂಟು ವರ್ಷದವಳಿಗೆ ಈಗ ಹತ್ತು ತುಂಬಿದೆ. ಮಗುವಿನ ಸಾಕ್ಷ್ಯವನ್ನು 30 ದಿನಗಳೊಳಗೆ ದಾಖಲಿಸಬೇಕು, ಸಾಧ್ಯವಾದಷ್ಟು ಮಟ್ಟಿಗೆ ಒಂದು ವರ್ಷದೊಳಗೆ ವಿಚಾರಣೆ ಮುಗಿಯಬೇಕು ಎಂದು ಕಾಯ್ದೆಯ 35ನೆಯ ಸೆಕ್ಷನ್‌ನಲ್ಲಿದೆ, ಆದರೆ ಅವಳ ಪ್ರಕರಣದಲ್ಲಿ ಪಾಟೀಸವಾಲು ಇನ್ನೂ ಬಾಕಿ. ಮೊದಲ ಸಲ ಹೋದಾಗ ಆರೋಪಿ ಕಾಣದಂತೆ ಪರದೆ ಹಾಕಿದ್ದರು, ವಕೀಲರ ಪ್ರಶ್ನೆಗಳನ್ನು ನ್ಯಾಯಾಧೀಶರೇ ತಮ್ಮ ಮಾತಿನಲ್ಲಿ ಕೇಳಿದ್ದರು, ನಡುವೆ ನೀರು ಬೇಕೇ ಎಂದು ವಿಚಾರಿಸಿದ್ದರು. ಅವಳಿಗೆ ಆ ನ್ಯಾಯಾಧೀಶೆಯ ಮೇಲೆ ನಂಬಿಕೆ ಹುಟ್ಟಿತ್ತು. ಕಳೆದ ಶುಕ್ರವಾರ ಬಂದವಳು ಅಳಗುಳಿಮಣೆಯನ್ನು ನಿಯಮದ ಪ್ರಕಾರವೇ ಆಡಿ, ನನ್ನನ್ನು ಸೋಲಿಸಿ, ಬೀಜಗಳನ್ನು ಡಬ್ಬಿಗೆ ತುಂಬುತ್ತಾ ಕೇಳಿದಳು, "ಮುಂದಿನ ಸಲನೂ ಅದೇ ಮೇಡಂ ಇರ್ತಾರಾ ಅಕ್ಕ?"

ಇರುತ್ತಾರೆ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ವರ್ಗಾವಣೆಯ ಸುದ್ದಿ ನನ್ನ ಕಿವಿಗೂ ಬಿದ್ದಿತ್ತು. "ನನಗೆ ಗೊತ್ತಿಲ್ಲ ಪುಟ್ಟಿ. ಬುಧವಾರ ಕೋರ್ಟಿಗೆ ಹೋಗ್ತೀನಿ, ವಿಚಾರಿಸಿ ಅವತ್ತೇ ಸಾಯಂಕಾಲ ನಿಮ್ಮಮ್ಮನ ಫೋನಿಗೆ ಮಾಡಿ ನಿನಗೇ ಹೇಳ್ತೀನಿ" ಎಂದೆ. ಅವಳು ನನ್ನ ಮೇಜಿನ ಮೇಲಿದ್ದ ಡೈರಿಯನ್ನು ಎಳೆದುಕೊಂಡು, ಬುಧವಾರದ ಹಾಳೆ ಹುಡುಕಿ, ತನ್ನ ಹೆಸರನ್ನು ತಾನೇ ಬರೆದು ಅದರ ಕೆಳಗೆ ಎರಡು ಗೆರೆ ಎಳೆದಳು.