ಜನ ಏನಂತಾರೆ ಅನ್ನೋದನ್ನ ಬಿಟ್ಟರೆ ಖುಷಿಯಾಗಿರಬಹುದಾ?

ದಾವಣಗೆರೆಯ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಮನಃಶಾಸ್ತ್ರ ಪಾಠ ಮಾಡುತ್ತೇನೆ. ಕ್ಲಾಸ್ ಮುಗಿದ ಮೇಲೆ ಉಳಿದವರೆಲ್ಲ ಹೊರಗೆ ಹೋಗಲಿ ಅಂತ ಕಾದು ನಿಂತು ಕೇಳುವ ಪ್ರಶ್ನೆ ಒಂದಿದೆ. "ಮೇಡಂ, ಜನ ಏನಂತಾರೆ ಅನ್ನೋದನ್ನ ತಲೆಯಿಂದ ತೆಗೆದುಹಾಕಿದರೆ ಖುಷಿಯಾಗಿರಬಹುದಾ?" ಹುಡುಗಿಯರು ಕೇಳುತ್ತಾರೆ. ಅಪ್ಪನ ಅಂಗಡಿಯಲ್ಲಿ ಕೂರಲು ಮನಸ್ಸಿಲ್ಲದ ಹುಡುಗರು ಕೇಳುತ್ತಾರೆ. ಮಗಳು ಬೇರೆ ಜಾತಿಯ ಹುಡುಗನನ್ನು ಮೆಚ್ಚಿದ್ದಾಳೆ ಅಂತ ಗೊತ್ತಾಗಿ ನಿದ್ದೆಗೆಟ್ಟ ತಾಯಂದಿರೂ ಕೇಳಿದ್ದಾರೆ. ಮೊಬೈಲ್‌ನಲ್ಲಿ ಸಿಗುವ ಭಾಷಣಗಳೆಲ್ಲ ಹೌದು ಅನ್ನುತ್ತವೆ. ಯಾರ ಮಾತಿಗೂ ಕಿವಿಗೊಡಬೇಡಿ, ನಿಮ್ಮ ಬದುಕು ನಿಮ್ಮದು ಅನ್ನುತ್ತವೆ.

ನನ್ನ ಉತ್ತರ ಬೇರೆ. ಪೂರ್ತಿ ಬಿಡೋಕೆ ಆಗಲ್ಲ, ಬಿಡಲೂ ಬೇಡಿ. ಆದರೆ ಆ "ಜನ" ಯಾರು ಅಂತ ಒಬ್ಬೊಬ್ಬರನ್ನೇ ಹೆಸರು ಹಿಡಿದು ಬರೆದುಕೊಳ್ಳಿ.

ಬಿಡೋಕೆ ಯಾಕೆ ಆಗಲ್ಲ ಅಂತ ಪಾಠದಲ್ಲಿ ಹೇಳುವಾಗ ನಾನು ಮನಃಶಾಸ್ತ್ರಜ್ಞ ಹೆನ್ರಿ ತಾಜ್‌ಫೆಲ್ ಅವರಿಂದ ಶುರು ಮಾಡುತ್ತೇನೆ. ಅವರು 1919ರಲ್ಲಿ ಪೋಲೆಂಡಿನ ಯಹೂದಿ ಮನೆಯಲ್ಲಿ ಹುಟ್ಟಿದವರು. ಓದೋಕೆ ಫ್ರಾನ್ಸಿಗೆ ಹೋದರು. ಎರಡನೇ ಮಹಾಯುದ್ಧದಲ್ಲಿ ಫ್ರೆಂಚ್ ಸೈನ್ಯ ಸೇರಿ ಜರ್ಮನ್ನರ ಕೈಗೆ ಸೆರೆಸಿಕ್ಕರು. ತಾನು ಯಹೂದಿ ಅಂತ ಒಪ್ಪಿಕೊಂಡರು, ಪೋಲೆಂಡಿನವನು ಅಂತ ಮಾತ್ರ ಹೇಳಲಿಲ್ಲ. ಫ್ರೆಂಚ್ ಸೈನಿಕ ಅಂತ ಉಳಿದದ್ದರಿಂದಲೇ ಅವರ ಜೀವ ಉಳಿಯಿತು. ಯುದ್ಧ ಮುಗಿದು ಬಂದು ನೋಡಿದರೆ ಮನೆಯವರು, ನೆಂಟರು ಹೆಚ್ಚುಕಡಿಮೆ ಎಲ್ಲರೂ ಹೋಗಿದ್ದರು. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕೂತವರೂ "ನೀವು ಯಾರ ಪೈಕಿ?" ಅಂತ ಕೇಳುತ್ತಾರಲ್ಲ, ಆ ಪ್ರಶ್ನೆ ಒಬ್ಬ ಮನುಷ್ಯನ ಜೀವ ತೆಗೆಯಬಲ್ಲದು ಅಂತ ಅವರಿಗೆ ಗೊತ್ತಿತ್ತು.

ಮುಂದೆ ಅವರು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಶಾಲೆಯ ಹುಡುಗರನ್ನು ಎರಡು ಗುಂಪು ಮಾಡಿದರು. ಪರದೆ ಮೇಲೆ ಮಿಂಚಿ ಹೋದ ಚುಕ್ಕಿಗಳು ಎಷ್ಟಿರಬಹುದು ಅಂತ ಕೇಳಿದರು. ನೀನು ಜಾಸ್ತಿ ಅಂದವರ ಗುಂಪು, ನೀನು ಕಡಿಮೆ ಅಂದವರ ಗುಂಪು ಅಂದರು. ಅದೂ ನಿಜವಲ್ಲ, ಸುಮ್ನೆ ಹಂಚಿದ್ದು. ತನ್ನ ಗುಂಪಿನಲ್ಲಿ ಯಾರಿದ್ದಾರೆ ಅಂತ ಕೂಡ ಹುಡುಗರಿಗೆ ಗೊತ್ತಿರಲಿಲ್ಲ. ಆದರೂ ದುಡ್ಡು ಹಂಚುವ ಹೊತ್ತಿಗೆ ತಮ್ಮ ಗುಂಪಿನವರಿಗೇ ಜಾಸ್ತಿ ಕೊಟ್ಟರು. ಈ ಪ್ರಯೋಗದ ವಿವರ 1970ರಲ್ಲಿ ಪ್ರಕಟವಾಯಿತು. ಚುಕ್ಕಿಯ ನೆಪದಲ್ಲೇ "ನಮ್ಮವರು" ಹುಟ್ಟಿಕೊಳ್ಳುತ್ತಾರೆ ಅಂದಮೇಲೆ ಕೇರಿ, ಜಾತಿ, ಮಠ, ಜಾತ್ರೆ ಎಲ್ಲ ಸೇರಿ ಬೆಳೆಸಿದ ಇಪ್ಪತ್ತರ ಹುಡುಗಿಗೆ "ಯಾರನ್ನೂ ಲೆಕ್ಕಕ್ಕೆ ಇಡಬೇಡ" ಅಂತ ಬುದ್ಧಿ ಹೇಳುವುದು ನನಗೆ ಅನ್ಯಾಯ ಅನ್ನಿಸುತ್ತದೆ.

ಇನ್ನು ಪೂರ್ತಿ ಬಿಡಬೇಡಿ ಅಂತ ಯಾಕೆ ಹೇಳುತ್ತೇನೆ? ಇದನ್ನು ನಾನು ಪುಸ್ತಕದಲ್ಲಿ ಓದಿ ಕಲಿತದ್ದಲ್ಲ.

ನಮ್ಮ ಮನೆ ನಿಟ್ಟುವಳ್ಳಿಯಲ್ಲಿತ್ತು. ಅಪ್ಪ ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದವರು. ಗಿರಣಿ ಮುಚ್ಚಿದ ಮೇಲೆ ಸಿಕ್ಕ ಕೆಲಸ ಮಾಡಿ ನಮ್ಮನ್ನು ಓದಿಸಿದರು. ನಾನು ಎಂ.ಎ. ಸೇರಿದಾಗ ಕೇರಿಯವರ ಮಾತಿಗೆ ಕೊನೆಯೇ ಇರಲಿಲ್ಲ. ಎದುರುಮನೆ ಅಜ್ಜಿ ನಲ್ಲಿ ಹತ್ತಿರ ಸಿಕ್ಕಾಗಲೆಲ್ಲ "ಏನವ್ವಾ, ಇನ್ನೂ ಎಷ್ಟು ಓದ್ತೀಯ? ನಿಮ್ಮಪ್ಪನ ವಯಸ್ಸು ನೋಡಿದೀಯ?" ಅನ್ನುತ್ತಿದ್ದರು. ಅವ್ವ ಒಳಗೆ ಬಂದು ಕಣ್ಣೀರು ಹಾಕುತ್ತಿದ್ದಳು. ಆ ದಿನಗಳಲ್ಲಿ ನನಗೆ ಇಡೀ ಕೇರಿಯ ಮೇಲೆ ಸಿಟ್ಟಿತ್ತು.

ಅಪ್ಪ ತೀರಿಕೊಂಡಾಗ ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಸಾವಿನ ಮನೆಗೆ ಅಕ್ಕಪಕ್ಕದವರೇ ಅಡುಗೆ ಮಾಡಿ ತರಬೇಕು, ಅದು ಪದ್ಧತಿ. ಮೊದಲ ದಿನ ಸಂಜೆಯೇ ಅನ್ನ, ಸಾರು, ರೊಟ್ಟಿ, ಮಕ್ಕಳಿಗೆ ಅಂತ ಹಾಲು ಬಂತು. ಯಾರೂ ಮಾತಾಡಲಿಲ್ಲ. ಪಾತ್ರೆ ಇಟ್ಟು, ಅವ್ವನ ಪಕ್ಕ ಸ್ವಲ್ಪ ಹೊತ್ತು ಕೂತು ಎದ್ದುಹೋದರು. ಎಲ್ಲ ಕಾರ್ಯ ಮುಗಿದ ಮೇಲೆ ಪಾತ್ರೆ ತೊಳೆದು ವಾಪಸ್ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಸ್ಟೀಲ್ ಪಾತ್ರೆ ಮೇಲೆ ಹೆಸರು ಹಾಕಿಸಿರುತ್ತಾರಲ್ಲ, ಚುಕ್ಕಿ ಚುಕ್ಕಿಯಾಗಿ ಕೊರೆದು? ಒಂದೊಂದನ್ನೇ ತಿರುಗಿಸಿ, ಬೆಳಕಿಗೆ ಹಿಡಿದು ಓದಿದೆ. ಎದುರುಮನೆ ಅಜ್ಜಿಯ ಹೆಸರು ಎರಡು ಡಬ್ಬಿ, ಒಂದು ತಟ್ಟೆ ಮೇಲಿತ್ತು. ಒಂದು ದೊಡ್ಡ ಪಾತ್ರೆ ಮೇಲೆ ಉರ್ದುವಿನಲ್ಲಿ ಬರೆದಿತ್ತು, ಅದು ಹಿಂದಿನ ಬೀದಿಯ ಟೈಲರ್ ಮನೆಯದು. ನನ್ನ ಓದಿನ ಬಗ್ಗೆ ಫೋನ್ ಮಾಡಿ ಮಾಡಿ ಅಪ್ಪನನ್ನು ಕಾಡಿದ್ದ ದೂರದ ನೆಂಟರೊಬ್ಬರು ಮಾತ್ರ ಮಣ್ಣಿಗೆ ಬಂದು, ಊಟ ಮಾಡದೆ, ಮುಂದಿನ ಬಸ್ಸಿಗೇ ಹೋಗಿದ್ದರು.

ಕೇರಿಯವರ ಮಾತು ನೋಯಿಸಿದ್ದು ಸುಳ್ಳಲ್ಲ. ಆದರೆ ಅದೇ ಬಾಯಿ ಇರುವವರ ಕೈ ಅನ್ನ ತಂದಿತು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಸಾಡೋಕೆ ನನಗೆ ದಾರಿ ಕಾಣಲಿಲ್ಲ. ಯಾರ ಮಾತಿಗೆ ಎಷ್ಟು ತೂಕ ಕೊಡಬೇಕು ಅನ್ನೋದು ಮಾತ್ರ ಆಮೇಲೆ ಸ್ಪಷ್ಟವಾಯಿತು.

ನಮ್ಮವರು ಅನ್ನೋದು ಕಾಗದದಿಂದ ಬರುವುದೂ ಇಲ್ಲ. ಹರಪನಹಳ್ಳಿಯ ಕಥೆಯನ್ನೇ ನೋಡಿ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಚಿತ್ರದುರ್ಗದಿಂದಲೂ ಶಿವಮೊಗ್ಗದಿಂದಲೂ ತಾಲ್ಲೂಕುಗಳು ಬಂದವು, ಬಳ್ಳಾರಿಯಿಂದ ಹರಪನಹಳ್ಳಿ ಬಂತು. 2018ರಲ್ಲಿ ಅದು ವಾಪಸ್ ಬಳ್ಳಾರಿಗೆ ಹೋಯಿತು. 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಅಲ್ಲಿನ ವಿದ್ಯಾರ್ಥಿಗಳು ಈಗಲೂ ನಮ್ಮ ಕ್ಲಾಸಿನಲ್ಲಿದ್ದಾರೆ. ಅವರ ಮನೆಯವರು ದೊಡ್ಡಾಸ್ಪತ್ರೆಗೆ, ಮದುವೆ ಜವಳಿಗೆ ಇಲ್ಲಿಗೇ ಬರುತ್ತಾರೆ.

ಈಗ ಕಷ್ಟದ ಜಾಗಕ್ಕೆ ಬರೋಣ. ಮನೆಯವರು ಹೇಳಿದ ಹಾಗೆ ನಡೆದರೆ ಖುಷಿ ಸಿಗುತ್ತಾ? ಎದುರು ನಿಂತರೆ ಸಿಗುತ್ತಾ? ಮನಃಶಾಸ್ತ್ರಜ್ಞರಾದ ವಾಲೆರಿ ಚಿರ್ಕೋವ್, ರಿಚರ್ಡ್ ರಯಾನ್ ಮತ್ತು ಜೊತೆಗಾರರು ದಕ್ಷಿಣ ಕೊರಿಯಾ, ರಷ್ಯಾ, ಟರ್ಕಿ, ಅಮೆರಿಕದ ವಿದ್ಯಾರ್ಥಿಗಳ ಮೇಲೆ ಅಧ್ಯಯನ ಮಾಡಿ 2003ರಲ್ಲಿ ಪ್ರಕಟಿಸಿದರು. ಊರಿನ ನಡೆನುಡಿ ನಾಲ್ಕೂ ಕಡೆ ಬೇರೆ ಬೇರೆ. ಆದರೆ ಒಂದು ವಿಷಯ ಎಲ್ಲ ಕಡೆಯೂ ಕಂಡಿತು. ಯಾವ ಪದ್ಧತಿಯಾದರೂ ಸರಿ, ಅದನ್ನು ತಾವೇ ಒಪ್ಪಿ ಪಾಲಿಸುವವರು, ಒತ್ತಾಯಕ್ಕೆ ಪಾಲಿಸುವವರಿಗಿಂತ ನೆಮ್ಮದಿಯಾಗಿದ್ದರು. ಅಂದರೆ ಮನೆಯವರ ಮಾತು ಕೇಳಿದ ಮಾತ್ರಕ್ಕೆ ಗುಲಾಮರಾಗಲ್ಲ, ಕೇಳದ ಮಾತ್ರಕ್ಕೆ ಸ್ವತಂತ್ರರಾಗಲ್ಲ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಡಿಗ್ರಿ ಮುಗಿಸಿ ಮನೆಯ ಮಂಡಕ್ಕಿ ಭಟ್ಟಿಗೇ ನಿಂತ. ಕಾದ ಮರಳಿನ ಝಳ, ಹೊಗೆ, ಬೆಳಗಿನ ಜಾವದ ಕೆಲಸ. ಗೆಳೆಯರು ಅಯ್ಯೋ ಪಾಪ ಅಂದರು. ಅವನಿಗೆ ಆ ಕೆಲಸ ಇಷ್ಟ, ಅಪ್ಪನ ಜೊತೆ ಲೆಕ್ಕಾಚಾರ ಇಷ್ಟ, ಅದನ್ನು ದೊಡ್ಡದು ಮಾಡುವ ಆಸೆಯೂ ಇದೆ. ಅವನ ಮುಖದಲ್ಲಿರುವ ಗೆಲುವು, ಅಪ್ಪ ಹೇಳಿದರು ಅಂತ ಬ್ಯಾಂಕ್ ಪರೀಕ್ಷೆಗೆ ಕೂತಿರುವ ಎಷ್ಟೋ ಹುಡುಗರಲ್ಲಿ ನನಗೆ ಕಂಡಿಲ್ಲ.

ತಾನೇ ಒಪ್ಪಿದ್ದು ಯಾವುದು, ಹೆದರಿ ಒಪ್ಪಿದ್ದು ಯಾವುದು ಅಂತ ತಿಳಿಯೋದು ಸುಲಭವಲ್ಲ. ಚಿತ್ರದುರ್ಗ ಜಿಲ್ಲೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನೂ ಬಾಣಂತಿಯರನ್ನೂ ಹಟ್ಟಿಯ ಹೊರಗೆ ಗುಡಿಸಲಿನಲ್ಲಿ ಇರಿಸುವ ಪದ್ಧತಿ ಬೆಳೆದುಬಂದಿದೆ. ಮಳೆ, ಚಳಿ, ಹಾವು, ಹಸುಗೂಸು. ಕೇಳಿದರೆ ಅಲ್ಲಿನ ಹೆಣ್ಣುಮಕ್ಕಳೇ ಎಷ್ಟೋ ಜನ "ನಮ್ಮ ದೇವರಿಗೆ ಆಗಲ್ಲ, ನಾವೇ ಇರ್ತೀವಿ" ಅನ್ನುತ್ತಾರೆ. ಇದು ಒಪ್ಪಿಗೆಯಾ? ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ಒಲ್ಲೆ ಅಂದರೆ ಅವಳು ಆ ಹಟ್ಟಿಯವಳಾಗಿಯೇ ಉಳಿಯುತ್ತಾಳಾ? ಇಲ್ಲ ಅಂದರೆ ಅದನ್ನು ಒಪ್ಪಿಗೆ ಅಂತ ಕರೆಯಲು ನನ್ನ ಮನಸ್ಸು ಬರುವುದಿಲ್ಲ. ಬೇರೆ ಜಾತಿಯಲ್ಲಿ ಮದುವೆಯಾದ ಮಗಳ ಮುಖ ನೋಡಲ್ಲ ಅನ್ನುವ ಮನೆಗಳಿಗೂ ಇದೇ ಮಾತು.

ಹೆಸರು ಬರೆಯುವ ವಿಷಯಕ್ಕೆ ಬರುತ್ತೇನೆ. ಚನ್ನಗಿರಿ ಕಡೆಯ ಹುಡುಗಿಯೊಬ್ಬಳಿಗೆ ಧಾರವಾಡಕ್ಕೆ ಹೋಗಿ ಎಂ.ಎಸ್ಸಿ. ಮಾಡುವ ಆಸೆ. ಅಡಿಕೆ ತೋಟದ ಮನೆ, ದುಡ್ಡಿನ ತೊಂದರೆ ಇಲ್ಲ. "ಊರಲ್ಲಿ ಎಲ್ಲರೂ ಆಡ್ಕೊಳ್ತಾರೆ ಮೇಡಂ" ಅಂದಳು. ಎಲ್ಲರೂ ಅಂದರೆ ಯಾರು, ಬರಿ ಅಂದೆ. ಪೆನ್ನು ಹಿಡಿದು ಬಹಳ ಹೊತ್ತು ಕೂತಳು. ಕೊನೆಗೆ ನಾಲ್ಕು ಹೆಸರು. ಅದರಲ್ಲಿ ಇಬ್ಬರ ಮಾತಿಗೆ ಮನೆಯಲ್ಲಿ ಬೆಲೆಯೇ ಇಲ್ಲ ಅಂತ ತಾನೇ ಹೊಡೆದುಹಾಕಿದಳು. ಮೂರನೆಯದು ಅತ್ತೆ. ಅವರ ಮಗಳು ಪಿಯುಸಿಗೇ ಬಿಟ್ಟಿದ್ದಾಳೆ, ಆ ಸಂಕಟ ಅಷ್ಟೆ ಅಂದಳು. ಉಳಿದದ್ದು ದೊಡ್ಡಪ್ಪ.

ದೊಡ್ಡಪ್ಪನ ಹತ್ತಿರ ಅವಳೇ ಹೋಗಿ ಮಾತಾಡಿದಳು. ಆಡಿಕೊಳ್ಳುವ ಮಾತೇ ಬರಲಿಲ್ಲವಂತೆ. "ಅಲ್ಲಿ ಹಾಸ್ಟೆಲ್ ಹೆಂಗೈತಿ ಅಂತ ಯಾರಾದ್ರೂ ನೋಡ್ಕೊಂಡು ಬಂದಾರೇನವ್ವಾ? ನಾನೇ ಒಂದ್ಸಲ ಹೋಗಿ ಬರ್ತೀನಿ ತಡಿ" ಅಂದರಂತೆ. ಅವರು ಇನ್ನೂ ಹೋಗಿಲ್ಲ, ಅಡಿಕೆ ಕೊಯ್ಲು ನಡೆದಿದೆ. ಅಪ್ಲಿಕೇಷನ್ ಮಾತ್ರ ಹಾಕಿದ್ದಾಳೆ.

ಎಲ್ಲ ಮನೆಯಲ್ಲೂ ಇಂಥ ದೊಡ್ಡಪ್ಪ ಇರುವುದಿಲ್ಲ ಅಂತ ನನಗೆ ಗೊತ್ತು. ಹೊಡೆತ, ಬೆದರಿಕೆ, ಕೋಣೆಯಲ್ಲಿ ಕೂಡಿಹಾಕುವುದು ಇದ್ದರೆ ಹೆಸರು ಬರೆದುಕೊಂಡು ಕೂರಬೇಡಿ. ಹೆಣ್ಣುಮಕ್ಕಳಾದರೆ 181ಕ್ಕೆ, ಹದಿನೆಂಟು ತುಂಬದವರಾದರೆ 1098ಕ್ಕೆ ಫೋನ್ ಮಾಡಿ. ಮನಸ್ಸು ತಡೆಯುತ್ತಿಲ್ಲ, ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕು ಅನ್ನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಮ್ಮ ಕಾಲೇಜಿನವರು ನೇರವಾಗಿ ನನ್ನ ಹತ್ತಿರ ಬನ್ನಿ. ಎಲ್ಲರೂ ಹೋಗಲಿ ಅಂತ ಕಾಯಬೇಕಾಗಿಲ್ಲ.